ಮೊದಲ ಸಲ ಸತ್ಯವೇದ (ಬೈಬಲ್) ತೆರೆಯುವವರಿಗೆ ಅಧ್ಯಯನ ಕೈಪಿಡಿ ಬರೆಯುವುದು ಹೇಗೆ?

ಮೊದಲ ಪುಸ್ತಕವಾದ ಆದಿಕಾಂಡದಿಂದ ಓದು ಶುರುಮಾಡಿದವರು ಯೋಸೇಫನ ಕಥೆಯವರೆಗೆ ಸರಾಗವಾಗಿ ಬರುತ್ತಾರೆ. ಯಾಜಕಕಾಂಡದ ಯಜ್ಞವಿಧಿಗಳು ಎದುರಾದಾಗ ಪುಸ್ತಕ ಮುಚ್ಚಿಡುತ್ತಾರೆ. ಹೀಗಾಗಿ ಹೊಸಬರ ಮೊದಲ ಕೈಪಿಡಿಗೆ ಯೇಸುವಿನ ಬದುಕನ್ನು ಹೇಳುವ ಮಾರ್ಕನ ಸುವಾರ್ತೆಯನ್ನು ಆರಿಸಿಕೊಳ್ಳಿ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು: 16 ಅಧ್ಯಾಯ, ಉಪದೇಶಕ್ಕಿಂತ ನಡೆದ ಸಂಗತಿಗಳೇ ಹೆಚ್ಚು. ಕೆಥೋಲಿಕರ ಬೈಬಲಿನಲ್ಲಿ 73 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 66. ವ್ಯತ್ಯಾಸವಿರುವುದು ಹಳೆಯ ಒಡಂಬಡಿಕೆಯಲ್ಲಿ ಮಾತ್ರ, ಹೊಸ ಒಡಂಬಡಿಕೆಯ 27 ಇಬ್ಬರಿಗೂ ಒಂದೇ. ಹಾಗಾಗಿ ಬೆಳಗಾವಿಯಂತಹ ಊರಲ್ಲಿ ಎರಡೂ ಕಡೆಯವರು ಕೂಡಿ ಕೂತರೂ ಮಾರ್ಕ ನಡೆಯುತ್ತದೆ.

ಹದಿನಾರೂ ಅಧ್ಯಾಯ ಮುಗಿಸುವ ಹಟ ಬೇಡ. ಎಂಟು ಪಾಠ ಸಾಕು: 1:14-20, 2:1-12, 4:1-20, 4:35-41, 6:30-44, 8:27-38, 15:21-39, 16:1-8. ಒಂದು ಪಾಠಕ್ಕೆ ಇಪ್ಪತ್ತು ವಚನದ ಒಳಗೇ ಇರಲಿ, ಒಂದು ತಾಸಿನಲ್ಲಿ ಅದಕ್ಕಿಂತ ಹೆಚ್ಚು ದಕ್ಕುವುದಿಲ್ಲ. ‘4:35-41’ ಅಂದರೆ ನಾಲ್ಕನೇ ಅಧ್ಯಾಯ, 35ರಿಂದ 41ನೇ ವಚನದವರೆಗೆ ಎಂದು ಮೊದಲ ಪುಟದಲ್ಲೇ ಬಿಡಿಸಿ ಬರೆಯಿರಿ. ಹುಟ್ಟಿನಿಂದ ಚರ್ಚಿಗೆ ಹೋಗುವವರಿಗೆ ಇದು ಹೇಳಬೇಕಾದ ಮಾತೇ ಅನ್ನಿಸುವುದಿಲ್ಲ. ಹೊಸಬರು ಮಾತ್ರ ಪುಟ ಸಿಗದೆ, ಕೇಳಲು ನಾಚಿ, ಪಕ್ಕದವರ ಪುಸ್ತಕ ಇಣುಕುತ್ತಾ ಕೂರುತ್ತಾರೆ.

ಈಗ 2:1-12ನ್ನು ಹಿಡಿದು ಒಂದು ಪಾಠ ಕಟ್ಟೋಣ. ಕಪೆರ್ನೌಮಿನ ಒಂದು ಮನೆ ಜನರಿಂದ ತುಂಬಿದೆ. ನಾಲ್ವರು ಲಕ್ವಾ ಹೊಡೆದ ಒಬ್ಬ ರೋಗಿಯನ್ನು ಹೊತ್ತು ತಂದು, ಒಳಗೆ ದಾರಿ ಸಿಗದೆ, ಮೇಲ್ಚಾವಣಿ ತೆಗೆದು ಯೇಸುವಿನ ಮುಂದೆ ಇಳಿಸುತ್ತಾರೆ. ಇಳಿಜಾರು ಹೆಂಚಿನ ಮನೆ ನೋಡಿದವರಿಗೆ ಇದು ಚಿತ್ರ ಬರೆದು ತೋರಿಸಬೇಕಾದ ವಿಷಯ. ಬಾಗಲಕೋಟೆ, ವಿಜಯಪುರದ ಹಳ್ಳಿಗಳಲ್ಲಿ ಹಾಗಲ್ಲ. ತೊಲೆ, ಜಂತೆ, ಮೇಲೆ ಮಣ್ಣು ಹಾಕಿದ ಮಾಳಿಗೆ ಮನೆ ಎಲ್ಲರೂ ಕಂಡದ್ದು, ಕಪೆರ್ನೌಮಿನ ಚಾವಣಿಯೂ ಹೆಚ್ಚುಕಡಿಮೆ ಅದೇ ಜಾತಿಯದು. ‘ನಮ್ಮ ಮಾಳಿಗೆಯಂಥದ್ದು’ ಎಂದು ಒಂದು ಸಾಲು ಬರೆದರೆ ಸಾಕು, ಕೆಳಗೆ ಕೂತವರ ತಲೆಯ ಮೇಲೆ ಮಣ್ಣು ಉದುರಿದ್ದೂ ಕಣ್ಣಿಗೆ ಕಟ್ಟುತ್ತದೆ. ಇದೇ ಘಟನೆಯನ್ನು ಹೇಳುವಾಗ ಲೂಕನು (5:19) ಹೆಂಚುಗಳನ್ನು ಹೆಸರಿಸುತ್ತಾನೆ. ಯಾರಾದರೂ ಅದನ್ನು ಎತ್ತಿದರೆ ಉತ್ತರಿಸಲು ಪಾಠ ನಡೆಸುವವರ ಪುಟದಲ್ಲಿ ಗುರುತು ಹಾಕಿಡಿ, ಓದುಗರ ಪುಟಕ್ಕೆ ಬೇಡ.

ಊರಿನ ಹೋಲಿಕೆ ಕೈಕೊಡುವ ಕಡೆಯೂ ಇದೆ. 4:1-20ರಲ್ಲಿ ಬೀಜ ದಾರಿಯ ಮಗ್ಗುಲಲ್ಲಿ, ಬಂಡೆಯ ಮೇಲೆ, ಮುಳ್ಳಿನಲ್ಲಿ ಬೀಳುತ್ತದೆ. ಕೂರಿಗೆಯಿಂದ ಸಾಲು ಹಿಡಿದು ಬಿತ್ತುವ ರೈತನು ‘ಅಷ್ಟು ಬೀಜ ಹಾಳು ಮಾಡುವವ ಎಂಥ ಒಕ್ಕಲಿಗ?’ ಎಂದು ಕೇಳುವುದು ಸಹಜ. ಅಲ್ಲಿ ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು ಎಂದು ಪಾಠದ ಮೊದಲೇ ಹೇಳಬೇಕು. ಬಂಡೆಯ ನೆಲಕ್ಕೆ ಮಾತ್ರ ನಮ್ಮ ಮಡ್ಡಿ ಹೊಲ ಸರಿಯಾಗಿ ಒಪ್ಪುತ್ತದೆ: ಮೇಲೆ ತೆಳು ಮಣ್ಣು, ಕೆಳಗೆ ಕಲ್ಲು, ಬೇಗ ಮೊಳಕೆ, ಬೇಗ ಒಣಗು. ಹಾಗೆಯೇ 4:35-41ರ ಗಲಿಲಾಯ ‘ಸಮುದ್ರ’ ಉಪ್ಪು ನೀರಿನದಲ್ಲ, ಸುಮಾರು 21 ಕಿ.ಮೀ. ಉದ್ದದ ಸಿಹಿನೀರಿನ ಸರೋವರ. ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಿಂತವರಿಗೆ ಅದರ ಅಂದಾಜು ಸಿಗುತ್ತದೆ. ಗಲಿಲಾಯದ ಸರೋವರ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದ್ದು ಸುತ್ತ ಗುಡ್ಡಗಳಿರುವುದರಿಂದ ಗಾಳಿ ಒಮ್ಮೆಲೇ ಇಳಿದು ಅಲೆ ಎಬ್ಬಿಸುತ್ತದೆ. ಇಷ್ಟು ಹೇಳದಿದ್ದರೆ ದೋಣಿಯಲ್ಲಿದ್ದ ಶಿಷ್ಯರು, ಮೀನುಗಾರರಾಗಿದ್ದೂ, ಯಾಕೆ ಹೆದರಿದರೆಂದು ತಿಳಿಯುವುದಿಲ್ಲ.

ಪ್ರಶ್ನೆಗಳ ವಿಚಾರದಲ್ಲೇ ಹೆಚ್ಚಿನ ಕೈಪಿಡಿಗಳು ಸೋಲುತ್ತವೆ. ಪಾಠಕ್ಕೆ ಆರು ಪ್ರಶ್ನೆ ಇಡಿ: ಮೂರು ಕಣ್ಣಿಗೆ, ಎರಡು ಯೋಚನೆಗೆ, ಒಂದು ಬದುಕಿಗೆ. ಮೊದಲ ಮೂರರ ಉತ್ತರ ವಚನದ ಮೇಲೆ ಬೆರಳಿಟ್ಟು ತೋರಿಸುವಂತಿರಬೇಕು. ಮೊದಲ ಸಲ ಬಂದವರು ಬಾಯಿ ಬಿಡುವುದು ತಪ್ಪಾಗಲಾರದ ಪ್ರಶ್ನೆಗೇ. ವಚನವನ್ನು ಅನುವಾದದಲ್ಲಿದ್ದಂತೆಯೇ ಇಟ್ಟು, ಪ್ರಶ್ನೆಗಳನ್ನು ಮಾತ್ರ ಆಡುಮಾತಿನಲ್ಲಿ ಬರೆಯುವುದು ಒಳ್ಳೆಯದು. 2:1-12ಕ್ಕೆ ಹೀಗೆ:

1. ಮನಿಯೊಳಗ ಯಾರ್ಯಾರು ಇದ್ರು?
2. ನಾಲ್ಕು ಮಂದಿ ಮಾಳಿಗಿ ಯಾಕ ಹತ್ತಿದ್ರು?
3. ಯೇಸು ಸ್ವಾಮಿ ಯಾರ ನಂಬಿಕಿ ನೋಡಿದ್ರು? 5ನೇ ವಚನ ಮತ್ತೊಮ್ಮೆ ಓದ್ರಿ.
4. ನಡೀಲಾರದವನ ಮುಂದ ಪಾಪಕ್ಷಮೆಯ ಮಾತು ಮೊದಲ ಯಾಕ ಬಂತು?
5. ಶಾಸ್ತ್ರಿಗಳಿಗೆ ಯಾವ ಮಾತು ತಪ್ಪನಿಸ್ತು, ಯಾಕ?
6. ನಮ್ಮ ಓಣ್ಯಾಗ ತಾನಾಗಿ ಬರಲಾರದವರು ಯಾರದಾರ? ಅವರಿಗಾಗಿ ಈ ವಾರ ಏನ್ ಮಾಡೂಣು?

ಮೂರನೆಯದರ ಮೇಲೆ ಸಮಯ ಕಳೆಯಿರಿ. ‘ಅವರ ನಂಬಿಕೆ’ ಎಂದಿದೆ, ರೋಗಿಯೊಬ್ಬನದಲ್ಲ. ಇದನ್ನು ಓದುಗರೇ ಕಂಡುಕೊಳ್ಳಲಿ, ಪೀಠಿಕೆಯಲ್ಲಿ ಮೊದಲೇ ಬರೆದುಬಿಟ್ಟರೆ ಪ್ರಶ್ನೆ ಸತ್ತಂತೆ. ನಾಲ್ಕನೆಯದರಲ್ಲಿ ಬಹಳ ಎಚ್ಚರಿಕೆ ಬೇಕು. ಗುಂಪಿನಲ್ಲಿ ಲಕ್ವಾ ಹೊಡೆದವರ ಮನೆಯವರು ಕೂತಿರಬಹುದು. ಪಾಪ ಮಾಡಿದ್ದಕ್ಕೇ ಆ ರೋಗ ಬಂತೆಂದು ಈ ಭಾಗ ಎಲ್ಲೂ ಹೇಳುವುದಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಯೇಸು ಆ ಲೆಕ್ಕವನ್ನು ನೇರವಾಗಿ ತಳ್ಳಿಹಾಕಿದ್ದು ಯೋಹಾನ 9:3ರಲ್ಲಿದೆ. ನಡೆಸುವವರ ಪುಟದಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ. ನಾಲ್ವರು ಅಂದರೆ ನಾಲ್ಕು ಸುವಾರ್ತೆ, ಹಾಸಿಗೆ ಅಂದರೆ ಲೋಕ ಎಂದು ಪ್ರತಿ ವಸ್ತುವಿಗೂ ಗುಪ್ತಾರ್ಥ ಹಚ್ಚುವುದನ್ನೂ ಬಿಡಿ. ವಚನದಲ್ಲಿ ಇಲ್ಲದ್ದನ್ನು ದೊಡ್ಡವರು ಮಾತ್ರ ಕಾಣಬಲ್ಲರು ಎಂಬ ಭಾವನೆ ಅದರಿಂದ ಬಂದು ಹೊಸಬರು ಸುಮ್ಮನಾಗುತ್ತಾರೆ.

ಕಠಿಣ ಪದಗಳಿಗೆ ಅರ್ಥವನ್ನು ಅದೇ ಪುಟದ ಅಡಿಯಲ್ಲಿ ಕೊಡಿ, ಪಾಠಕ್ಕೆ ನಾಲ್ಕೈದು ಮೀರದಂತೆ. ‘ಪಾರ್ಶ್ವವಾಯು’ವಿಗೆ ಲಕ್ವಾ ಎಂದರೆ ಮುಗಿಯಿತು. ತಿಳಿದಂತೆ ಕಾಣುವ ಪದಗಳೇ ಹೆಚ್ಚು ಮೋಸಮಾಡುತ್ತವೆ. ‘ಶಾಸ್ತ್ರಿಗಳು’ ಅಂದರೆ ನಮ್ಮ ಭಾಗದವರಿಗೆ ಪುರಾಣ, ಪ್ರವಚನ ಹೇಳುವವರು ನೆನಪಾಗುತ್ತಾರೆ. ಇಲ್ಲಿರುವವರು ಮೋಶೆಯ ಧರ್ಮಶಾಸ್ತ್ರ ಬಲ್ಲ, ಅದನ್ನು ಕಲಿಸುತ್ತಿದ್ದ ಯೆಹೂದಿ ಪಂಡಿತರು. ಯಾವ ಅನುವಾದ ಬಳಸಿದ್ದೀರೋ ಅದರ ಹೆಸರು ಒಳಪುಟದಲ್ಲಿರಲಿ. ಪೂರ್ತಿ ಭಾಗವನ್ನೇ ಅಚ್ಚು ಹಾಕುವುದಾದರೆ ಪ್ರಕಾಶಕರ ಅನುಮತಿ ಪಡೆಯಿರಿ. ಕೊನೆಯ ಪಾಠ 16:8ಕ್ಕೆ ನಿಂತಿದ್ದು ಯಾಕೆಂದೂ ಒಂದು ಸಾಲು ಬೇಕು: 9ರಿಂದ 20ರವರೆಗಿನ ವಚನಗಳು ಅತ್ಯಂತ ಹಳೆಯ ಕೆಲವು ಹಸ್ತಪ್ರತಿಗಳಲ್ಲಿಲ್ಲ.

ಪಾಠಕ್ಕೆ ಎರಡು ಪುಟದಂತೆ 16, ಜೊತೆಗೆ ಮುಖಪುಟ, ಬಳಸುವ ಕ್ರಮ, ಗಲಿಲಾಯದ ನಕ್ಷೆ, ಟಿಪ್ಪಣಿ ಬರೆಯಲು ಖಾಲಿ ಪುಟ: ಒಟ್ಟು 20. ಎ4 ಹಾಳೆ ಮಡಚಿದರೆ ಐದೇ ಹಾಳೆ, ನಡುವೆ ಎರಡು ಪಿನ್. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗದಿದ್ದರೆ ಕೊನೆಗೆ ಖಾಲಿ ಪುಟ ಉಳಿಯುತ್ತದೆ. ನಡೆಸುವವರ ಟಿಪ್ಪಣಿ ಬೇರೆ ಹಾಳೆಯಲ್ಲಿರಲಿ. ಅಕ್ಷರ 14 ಪಾಯಿಂಟಿಗಿಂತ ಸಣ್ಣದು ಬೇಡ, ಸಂಜೆ ಬೆಳಕಿನಲ್ಲಿ ಹಿರಿಯರಿಗೆ ಒತ್ತಕ್ಷರ ಕಾಣುವುದಿಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಡಿಟಿಪಿ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸಿದಾಗ ಅರ್ಕಾವತ್ತು, ಒತ್ತುಗಳು ಅದಲುಬದಲಾಗುತ್ತವೆ. ಪಿಡಿಎಫ್ ಮಾಡಿಯೇ ಕೊಡಿ, ಕಪೆರ್ನೌಮ್, ಮಾರ್ಕ ಎಂಬ ಹೆಸರುಗಳನ್ನು ಮೊದಲು ನೋಡಿ.

ಎಲ್ಲ ಪ್ರತಿ ತೆಗೆಸುವ ಮುಂಚೆ ಎರಡು ಪಾಠಗಳ ಝೆರಾಕ್ಸ್ ಹಿಡಿದು ಮೂರ್ನಾಲ್ಕು ಜನರೊಡನೆ ಕೂರಿ, ಅವರಲ್ಲಿ ಒಬ್ಬರಾದರೂ ಓದು ಬಾರದವರಿರಲಿ. ವಚನಭಾಗವನ್ನು ಎರಡು ಸಲ ಗಟ್ಟಿಯಾಗಿ ಓದಿಸಿ. ಯಾವ ಪ್ರಶ್ನೆಗೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೋ ಅದನ್ನು ತಿದ್ದಿ, ಯಾವುದಕ್ಕೆ ಪುಸ್ತಕ ನೋಡುತ್ತಾರೋ ಅದನ್ನು ಹಾಗೇ ಬಿಡಿ.