ಬಟ್ಟೆ ಕೋಣೆಗೆ ಚಾನಲ್ ಕೂರಿಸಿದ ಅನುಭವ

ದಾವಣಗೆರೆಯ ನಮ್ಮ ಮನೆಯಲ್ಲಿ ಬೆಡ್‌ರೂಮಿಗೆ ಅಂಟಿಕೊಂಡ ಸಣ್ಣ ಕೋಣೆಯೊಂದಿದೆ. ಅಲ್ಲಿ ಬಟ್ಟೆಗೆ ಪ್ಲೈವುಡ್ ಬೀರು ಮಾಡಿಸೋಣ ಅಂತ ಮನೆಯವರೆಲ್ಲ ಹೇಳಿದರು. ನಾನು ಒಪ್ಪಲಿಲ್ಲ. ಗೋಡೆಗೆ ಸ್ಟೀಲ್ ಚಾನಲ್ (ರಾಡ್, ಹಲಗೆ ಸಿಕ್ಕಿಸಲು ಸೀಳುಗಳಿರುವ ಉದ್ದ ಪಟ್ಟಿ) ಹಾಕಿದರೆ ಗೆದ್ದಲಿನ ಕಾಟ ಕಮ್ಮಿ, ಕೆಳಗೆ ನೆಲ ಒರೆಸೋದೂ ಸಲೀಸು.

ಕೋಣೆ ಐದಡಿ ಅಗಲ. ಹ್ಯಾಂಗರಿಗೆ ಎರಡಡಿ ಆಳ ಬೇಕು. ಎರಡೂ ಕಡೆ ನೇತುಹಾಕಿದರೆ ಓಡಾಡಲು ಉಳಿಯೋದು ಒಂದೇ ಅಡಿ. ಹಾಗಾಗಿ ಒಂದು ಗೋಡೆಗೆ ರಾಡ್, ಎದುರಿನ ಗೋಡೆಗೆ ಕಿರಿದಾದ ಹಲಗೆಗಳು. ಸ್ನಾನದ ಮನೆಯ ಗೋಡೆಯನ್ನು ಮುಟ್ಟಲಿಲ್ಲ, ಒಳಗೆ ಪೈಪ್ ಇರುತ್ತದೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೂಡ ಡ್ರಿಲ್ ಹಾಕಲಿಲ್ಲ.

ಯೂಟ್ಯೂಬಿನಲ್ಲಿ ಅಮೆರಿಕದವರು ಗೋಡೆಯೊಳಗಿನ ಮರದ ಕಂಬ ಹುಡುಕಿ ಸ್ಕ್ರೂ ಹಾಕುತ್ತಾರೆ. ಸಾಮಾನ್ಯವಾಗಿ 16 ಇಂಚಿಗೊಂದು ಕಂಬ. ನಮ್ಮದು ಇಟ್ಟಿಗೆ ಗೋಡೆ, ಆ ಹುಡುಕಾಟ ಬೇಕಿಲ್ಲ. ಆದರೆ ಮೇಲಿನ ಪ್ಲಾಸ್ಟರನ್ನು ನಂಬಬಾರದು. ಬಟ್ಟೆಯ ಭಾರ ಗೋಡೆಯಿಂದ ಮುಂದಕ್ಕೆ ಜೋತಾಡುತ್ತದಲ್ವಾ, ಅದು ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ನಮ್ಮ ಪ್ಲಾಸ್ಟರ್ ಸುಮಾರು 15 ಮಿ.ಮೀ. ಇತ್ತು. ಅದನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು ಅಂತ 8 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ಪ್ಲಾಸ್ಟಿಕ್ ಪ್ಲಗ್ (ತೂತಿನೊಳಗೆ ಕೂತು ಸ್ಕ್ರೂವನ್ನು ಬಿಗಿಯಾಗಿ ಹಿಡಿಯುವ ಕೊಳವೆ) ತಂದೆ. ಸ್ಕ್ರೂ 60 ಮಿ.ಮೀ., ತೂತು ಅದಕ್ಕಿಂತ ಸ್ವಲ್ಪ ಆಳ. ಡ್ರಿಲ್ ಬಿಟ್‌ಗೆ ಟೇಪ್ ಸುತ್ತಿ ಗುರುತು ಮಾಡಿಕೊಂಡರೆ ಅಳೆಯುವ ತಾಪತ್ರಯವಿಲ್ಲ.

ಕೊರೆಯುವಾಗ ಪುಡಿ ನೋಡುತ್ತಿರಿ. ಮೊದಲು ಬೂದು ಪುಡಿ, ಆಮೇಲೆ ಕೆಂಪು. ಕೆಂಪು ಬರಲೇ ಇಲ್ಲ ಅಂದರೆ ಬಿಟ್ ಇಟ್ಟಿಗೆಗಳ ನಡುವಿನ ಗಾರೆಗೆ ಬಿದ್ದಿದೆ. ಅಂಥ ಕಡೆ ನಾನು ಒಂದಿಂಚು ಪಕ್ಕಕ್ಕೆ ಸರಿದು ಹೊಸ ತೂತು ಹಾಕಿದೆ. ಪುಡಿಯನ್ನು ಊದಿ ತೆಗೆಯದಿದ್ದರೆ ಪ್ಲಗ್ ಪೂರ್ತಿ ಇಳಿಯೋದಿಲ್ಲ.

ಮಟ್ಟ ನೋಡಲು ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪೇ ಸಾಕಾಯಿತು. ಮೇಲಿನ ಅಡ್ಡ ಪಟ್ಟಿ ಮಟ್ಟವಾಗಿ ಕೂತರೆ ಅರ್ಧ ಕೆಲಸ ಮುಗಿದಂತೆ. ಉದ್ದ ಚಾನಲ್‌ಗಳನ್ನು ಅದಕ್ಕೆ ಸಿಕ್ಕಿಸಿ ಬಿಟ್ಟರೆ ತೂಗುಗುಂಡಿನ ಹಾಗೆ ತಾವೇ ನೇರ ನಿಲ್ಲುತ್ತವೆ. ಎಲ್ಲ ಚಾನಲ್‌ಗಳ ಸೀಳುಗಳು ಒಂದೇ ಎತ್ತರದಲ್ಲಿವೆಯೇ ಅಂತ ನೋಡಿ ಆಮೇಲೆ ಕೆಳಗಿನ ಸ್ಕ್ರೂ ಬಿಗಿ ಮಾಡಿದೆ.

ಇದನ್ನು ನೋಡಿ ಚಿತ್ರದುರ್ಗದ ಭಾವ, "ನಮ್ಮನೇಲೂ ಹಾಕೋಣ್ವಾ?" ಅಂದರು. ಅವರದು ಹಳೇ ಕಲ್ಲುಗೋಡೆ. ಕಲ್ಲಿಗೆ ಬಿಟ್ ಜಾರಿ ಸಂದಿನ ಮಣ್ಣಿಗೆ ಇಳಿಯುತ್ತದೆ, ಅಲ್ಲಿ ಪ್ಲಗ್ ಸುಮ್ನೆ ತಿರುಗುತ್ತದೆ. ಅವರಿಗೆ ನೆಲದ ಮೇಲೆ ನಿಲ್ಲುವ ಕಬ್ಬಿಣದ ಸ್ಟ್ಯಾಂಡೇ ಸರಿ ಅಂದೆ.