ಕಂಟೇನರ್ ಒಳಗೆ ಬಿಟ್‌ಕಾಯಿನ್ ನೋಡ್: ಮೂರನೇ ಸಲಕ್ಕೆ ಕೊನೆಗೂ ನೆಲೆನಿಂತಿತು

‘ಡಾಕರ್‌ನಲ್ಲಿ ನೋಡ್ ಓಡಿಸ್ಬೇಡ, ಡೇಟಾಬೇಸ್ ಕೆಟ್ಟುಹೋಗುತ್ತೆ’ ಅಂತ ಗೆಳೆಯರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ನೋಡ್ ಅಂದರೆ ಬಿಟ್‌ಕಾಯಿನ್‌ನ ಎಲ್ಲ ವಹಿವಾಟಿನ ದಾಖಲೆ (ಚೈನ್) ಇಳಿಸಿಕೊಂಡು ತಾನೇ ಪರೀಕ್ಷಿಸುವ ಕಂಪ್ಯೂಟರ್; ಡಾಕರ್ ಅಂದರೆ ಪ್ರೋಗ್ರಾಂಗಳನ್ನು ‘ಕಂಟೇನರ್’ ಅನ್ನೋ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ. ಈಗ ನನ್ನ ಬಿಟ್‌ಕಾಯಿನ್ ಕೋರ್ (ನೋಡ್ ಓಡಿಸುವ ಪ್ರೋಗ್ರಾಂ) ಸುಮಾರು ಎಂಟು ತಿಂಗಳಿಂದ ಕಂಟೇನರ್ ಒಳಗೇ ಓಡುತ್ತಿದೆ. ನಡುವೆ ಎರಡು ಸಲ ಇಮೇಜ್ (ಕಂಟೇನರ್‌ನ ಅಚ್ಚು) ಬದಲಾಯಿಸಿದೆ, ಹತ್ತಾರು ಸಲ ನಿಲ್ಲಿಸಿ ಶುರು ಮಾಡಿದೆ. ರೀಇಂಡೆಕ್ಸ್ (ಡೇಟಾಬೇಸನ್ನು ಮೊದಲಿಂದ ಮತ್ತೆ ಕಟ್ಟುವುದು) ಒಮ್ಮೆಯೂ ಬೇಕಾಗಲಿಲ್ಲ.

ಮೊದಲ ಸಲ ದುಡ್ಡು ಉಳಿಸಲು ಹೋಗಿ ಹಳೇ ಹಾರ್ಡ್‌ಡಿಸ್ಕ್ ಹಾಕಿದ್ದೆ. ಶುರುವಿನ ವರ್ಷಗಳ ಬ್ಲಾಕುಗಳು ಸರಸರ ಬಂದವು. ಆಮೇಲೆ ರಾತ್ರಿಯಿಡೀ ಡಿಸ್ಕ್ ಕರಕರ ಅನ್ನುತ್ತಿತ್ತು, ಕೆಲಸ ಮಾತ್ರ ಸಾಗಲಿಲ್ಲ. ಮೂರು ವಾರಕ್ಕೆ ಅರ್ಧ ಚೈನ್ ಆಗಿರಬೇಕು ಅಷ್ಟೇ. ಚೈನ್‌ಸ್ಟೇಟ್‌ನ (ಇನ್ನೂ ಖರ್ಚಾಗದ ನಾಣ್ಯಗಳ ಪಟ್ಟಿ) ಚಿಲ್ಲರೆ ಓದು-ಬರಹ ಆ ಡಿಸ್ಕಿಗೆ ಆಗದ ಕೆಲಸ. ಕೊನೆಗೆ 1 ಟಿಬಿ ಎಸ್‌ಎಸ್‌ಡಿ ತಂದೆ. ಚೈನ್ 600 ಜಿಬಿ ದಾಟಿದ್ದು ಗೊತ್ತಿದ್ದೂ ಅಷ್ಟು ಸಾಕು ಅಂದುಕೊಂಡೆ. ಟಿಎಕ್ಸ್‌ಇಂಡೆಕ್ಸ್ (ಎಲ್ಲ ವಹಿವಾಟುಗಳ ಸೂಚಿ), ಎಲೆಕ್ಟ್ರಮ್ ಸರ್ವರ್ (ವಾಲೆಟ್‌ಗೆ ಮಾಹಿತಿ ಕೊಡುವ ಪ್ರೋಗ್ರಾಂ) ಸೇರಿದ ಮೇಲೆ ಜಾಗ ಸಾಲದೆ 2 ಟಿಬಿಗೆ ಮತ್ತೆ ದುಡ್ಡು ಸುರಿದೆ. ನೋಡ್ ಮೈನಿಂಗ್ ಅಲ್ಲ, ಅದರಿಂದ ಒಂದು ಸಟೋಶಿಯೂ (ಬಿಟ್‌ಕಾಯಿನ್‌ನ ಅತಿ ಚಿಕ್ಕ ಭಾಗ) ಬರಲ್ಲ. ನನ್ನ ವಹಿವಾಟನ್ನು ನಾನೇ ಪರೀಕ್ಷಿಸಿಕೊಳ್ಳಬಹುದು, ಅದೇ ನನಗೆ ದೊಡ್ಡದು.

ನಿಜವಾದ ಪೆಟ್ಟು ಬಿದ್ದದ್ದು ಎರಡನೇ ಸಲ. ಎಸ್‌ಎಸ್‌ಡಿ ಮೇಲೆ ಸಿಂಕ್ (ಇಡೀ ಚೈನ್ ಇಳಿಸಿಕೊಂಡು ಪರೀಕ್ಷಿಸುವುದು) ಮುಗಿಯುತ್ತಾ ಬಂದಿತ್ತು. ಯಾವುದಕ್ಕೋ ಕಂಟೇನರ್ ನಿಲ್ಲಿಸಿದೆ. ಮತ್ತೆ ಶುರು ಮಾಡಿದರೆ ಬ್ಲಾಕ್ ಡೇಟಾಬೇಸ್ ಕೆಟ್ಟಿದೆ, ರೀಇಂಡೆಕ್ಸ್ ಮಾಡು ಅಂತು! ಎರಡು ದಿನದ ಕೆಲಸ ನೀರಲ್ಲಿ ಹೋಮ.

ಡೀಬಗ್ ಲಾಗ್ ತೆಗೆದು ನೋಡಿದೆ. ಸರಿಯಾಗಿ ನಿಂತಿದ್ದರೆ ಕೊನೇ ಸಾಲಲ್ಲಿ ‘ಶಟ್‌ಡೌನ್: ಡನ್’ ಇರಬೇಕು, ಅಲ್ವಾ? ನನ್ನದರಲ್ಲಿ ಸಾಲು ಅರ್ಧಕ್ಕೇ ತುಂಡಾಗಿತ್ತು. ನಿಲ್ಲಿಸು ಅಂದಾಗ ಡಾಕರ್ ಸಿಗ್‌ಟರ್ಮ್ (‘ಮುಗಿಸಿಕೋ’ ಅನ್ನೋ ಸೂಚನೆ) ಕಳಿಸಿ 10 ಸೆಕೆಂಡ್ ಕಾಯುತ್ತೆ, ಆಮೇಲೆ ಸಿಗ್‌ಕಿಲ್, ಅಂದರೆ ಬಲವಂತವಾಗಿ ಕೊಲ್ಲುವುದು. ಗಿಗಾಬೈಟ್‌ಗಟ್ಟಲೆ ಕ್ಯಾಶ್ (ಮೆಮೊರಿಯಲ್ಲಿ ಇಟ್ಟುಕೊಂಡ ಡೇಟಾ) ಡಿಸ್ಕಿಗೆ ಇಳಿಯಲು 10 ಸೆಕೆಂಡ್ ಎಲ್ಲಿ ಸಾಲುತ್ತೆ? ಸಾಲದ್ದಕ್ಕೆ ನನ್ನ ಇಮೇಜ್‌ನಲ್ಲಿ ಶೆಲ್ ಸ್ಕ್ರಿಪ್ಟೇ ಪಿಐಡಿ 1, ಅಂದರೆ ಕಂಟೇನರ್‌ನ ಮೊದಲ ಪ್ರಕ್ರಿಯೆ; ಸೂಚನೆ ಬರುವುದು ಅದಕ್ಕೇ. ಅದರ ಕೆಳಗೆ ಓಡುವ ಬಿಟ್‌ಕಾಯಿನ್‌ಡಿಗೆ (ಕೋರ್‌ನ ನೋಡ್ ಪ್ರೋಗ್ರಾಂ) ಸಿಗ್‌ಟರ್ಮ್ ತಲುಪುತ್ತಲೇ ಇರಲಿಲ್ಲ.

ಸ್ಕ್ರಿಪ್ಟ್‌ನ ಕೊನೇ ಸಾಲಿಗೆ ‘ಎಕ್ಸೆಕ್’ ಸೇರಿಸಿದೆ; ಈಗ ಸ್ಕ್ರಿಪ್ಟ್‌ನ ಜಾಗಕ್ಕೆ ಬಿಟ್‌ಕಾಯಿನ್‌ಡಿಯೇ ಬರುತ್ತೆ. ಕಂಪೋಸ್ ಫೈಲಿನಲ್ಲಿ (ಕಂಟೇನರ್‌ನ ಸೆಟ್ಟಿಂಗ್ ಬರೆಯುವ ಫೈಲು) ಸ್ಟಾಪ್ ಗ್ರೇಸ್ ಪೀರಿಯಡ್, ಅಂದರೆ ಕೊಲ್ಲುವ ಮುನ್ನ ಕಾಯುವ ಸಮಯ, 10 ನಿಮಿಷಕ್ಕೆ ಏರಿಸಿದೆ. ರೋಗ ಹೋಯ್ತು. ಕಂಟೇನರ್‌ನ ಮೇಲೆ ಹೊರಿಸಿದ್ದ ತಪ್ಪೆಲ್ಲ ನಿಲ್ಲಿಸುವ ರೀತಿಯದ್ದಾಗಿತ್ತು.

ಇನ್ನೊಮ್ಮೆ ಕಂಟೇನರ್‌ಗೆ 6 ಜಿಬಿ ಮೆಮೊರಿ ಮಿತಿ ಇಟ್ಟು, ಡಿಬಿಕ್ಯಾಶ್ (ಆ ಕ್ಯಾಶ್‌ನ ಗಾತ್ರ) 8 ಜಿಬಿ ಕೊಟ್ಟಿದ್ದೆ. ಎಕ್ಸಿಟ್ ಕೋಡ್ 137, ಮೆಮೊರಿ ಸಾಲದೆ ಸತ್ತಿತ್ತು. ಈಗ ಸಿಂಕ್‌ನಲ್ಲಿ ಕ್ಯಾಶ್ ಜಾಸ್ತಿ, ಮುಗಿದ ಮೇಲೆ ಕಡಿಮೆ. ಯಾವ ಹಂತದಲ್ಲಿ ಎಷ್ಟು ಅನ್ನೋ ಲೆಕ್ಕ ನನ್ನ ಹತ್ತಿರವೇ ಇರಲಿ.

ಸುಮ್ನೆ ಪಕ್ಕದಲ್ಲೊಂದು ಪ್ರೂನ್ ನೋಡ್ (ಹಳೇ ಬ್ಲಾಕುಗಳನ್ನು ಅಳಿಸುತ್ತಾ ಹೋಗುವ ನೋಡ್) ಕೂಡ ಎಬ್ಬಿಸಿದೆ, ಕನಿಷ್ಠ ಮಿತಿ 550 ಎಂಬಿಗೆ. ಹಳೇ ಲ್ಯಾಪ್‌ಟಾಪ್‌ನಲ್ಲೂ ಹಾಯಾಗಿ ಕೂತಿದೆ. ಅದರ ಜೊತೆ ಟಿಎಕ್ಸ್‌ಇಂಡೆಕ್ಸ್ ಮಾತ್ರ ಆಗಲ್ಲ.

ಪೋರ್ಟ್ ವಿಷಯದಲ್ಲಿ ಎಚ್ಚರ. ಡಾಕರ್ ಪಬ್ಲಿಷ್ ಮಾಡಿದ ಪೋರ್ಟ್‌ಗೆ ಯುಎಫ್‌ಡಬ್ಲ್ಯೂ (ಲಿನಕ್ಸ್‌ನ ಫೈರ್‌ವಾಲ್) ಅಡ್ಡ ಬರಲ್ಲ. ನನ್ನ ಆರ್‌ಪಿಸಿಯ (ನೋಡ್‌ಗೆ ಆಜ್ಞೆ ಕೊಡುವ ದಾರಿ) 8332 ಹೊರಗಿನವರಿಗೆ ತೆರೆದುಕೊಂಡಿತ್ತು, ನೋಡಿದಾಗ ಎದೆ ಧಸಕ್ ಅಂತು. ಈಗ ಅದು 127.0.0.1ಕ್ಕೆ, ಅಂದರೆ ಅದೇ ಕಂಪ್ಯೂಟರಿಗೆ ಮಾತ್ರ. ಹೊರಗೆ ತೆರೆದಿರುವುದು ಬೇರೆ ನೋಡ್‌ಗಳ ಜೊತೆ ಮಾತಾಡುವ 8333 ಒಂದೇ.

ಮೊನ್ನೆ ಇಮೇಜ್ ಬದಲಾಯಿಸುವಾಗ ಲಾಗ್ ಮುಂದೆ ಕೂತಿದ್ದೆ. ‘ಇನ್ ಪ್ರೋಗ್ರೆಸ್’ ಅಂತ ಬಂದು ಎರಡು ನಿಮಿಷದ ಹತ್ತಿರ ಏನೂ ಇಲ್ಲ. ಆಮೇಲೆ ‘ಡನ್’. ಮತ್ತೆ ಏಳಿಸಿದೆ, ನಿಲ್ಲಿಸಿದ್ದ ಬ್ಲಾಕಿನಿಂದಲೇ ಹಿಡಿಯಿತು.