ಉಪ್ಪಿನ ಬೋರ್ ನೀರು, ಹಸಿಮೆಣಸಿನಕಾಯಿ ಸಸಿ: ಮೊದಲ ಐವತ್ತು ದಿನದ ಲೆಕ್ಕ

ಕೊಡಗಿನಲ್ಲಿ ನೀರು ಉಪ್ಪು ಎಂದರೆ ಮಳೆ ಸುರಿಯುವ ಭಾಗಮಂಡಲದ ಕಡೆಯವರು ನಗುತ್ತಾರೆ. ಆದರೆ ಶನಿವಾರಸಂತೆ ಕಡೆಯ ನಮ್ಮ ಬೋರಿನ ನೀರಿಗೆ ಇ.ಸಿ. (ವಿದ್ಯುತ್ ವಾಹಕತೆ; ನೀರಲ್ಲಿ ಉಪ್ಪು ಹೆಚ್ಚಿದಷ್ಟೂ ಇದೂ ಹೆಚ್ಚು) ಮೀಟರ್ ಇಳಿಬಿಟ್ಟರೆ 2.4 ಡೆಸಿಸೀಮೆನ್ಸ್/ಮೀಟರ್ ತೋರಿಸುತ್ತದೆ. ಲೀಟರಿಗೆ ಹೆಚ್ಚುಕಡಿಮೆ ಒಂದೂವರೆ ಗ್ರಾಂ ಉಪ್ಪು. ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆ ಮೆಣಸಿನಕಾಯಿಯನ್ನು ಈ ನೀರನ್ನೇ ನಂಬಿ ಬೆಳೆಯುತ್ತೇವೆ, ಆದರೆ ಮೊದಲ ಐವತ್ತು ದಿನ ಅದನ್ನು ನೇರವಾಗಿ ಕೊಡುವುದಿಲ್ಲ.

ಮೆಣಸಿನಕಾಯಿಗೆ ನೀರಿನ ಇ.ಸಿ. 1.0ರ ತನಕ ಇಳುವರಿ ಕಡಿಮೆಯಾಗುವುದಿಲ್ಲ, 1.5ಕ್ಕೆ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ, 2.2ಕ್ಕೆ ಕಾಲು ಭಾಗ. ಪುಸ್ತಕದ ಈ ಅಂಕಿ ಬೇರೂರಿದ ಗಿಡಕ್ಕೆ. ಸಸಿಗೆ ಅಷ್ಟು ತಡೆಯುವ ಶಕ್ತಿ ಇಲ್ಲ. ಅದರ ಬೇರು ಇರುವುದು ಮೇಲಿನ ಎರಡು ಇಂಚಿನಲ್ಲಿ. ನೀರು ಆವಿಯಾಗಿ ಉಪ್ಪು ಉಳಿಯುವುದೂ ಅಲ್ಲೇ. ಬೀನ್ಸ್ ಇನ್ನೂ ನಾಜೂಕು. 2.4ರ ನೀರಲ್ಲಿ ಅದರ ಅರ್ಧ ಬೆಳೆ ಹೋಗುತ್ತದೆ, ಹಾಗಾಗಿ ಅದನ್ನು ಹಾಕುವ ಗೋಜಿಗೇ ಹೋಗಿಲ್ಲ.

ಸಸಿಗೆ ಬೇಕಾದ ನೀರು ಎಷ್ಟು ಎಂದು ಲೆಕ್ಕ ಹಾಕಿದ ಮೇಲೆ ದಾರಿ ಕಂಡಿತು. ಅರ್ಧ ಎಕರೆಗೆ 60×45 ಸೆಂ.ಮೀ. ಅಂತರದಲ್ಲಿ ಸುಮಾರು 7,400 ಸಸಿ, ಅಂದರೆ 98 ಕುಳಿಯ ಟ್ರೇ ಎಪ್ಪತ್ತೈದು. ಟ್ರೇಗೆ ದಿನಕ್ಕೆ ಒಂದು ಲೀಟರ್, ನಲವತ್ತು ದಿನ: 3,000 ಲೀಟರ್. ನಾಟಿ ದಿನ ಬುಡಕ್ಕೆ ಕಾಲು ಲೀಟರ್‌ನಂತೆ ಇನ್ನೊಂದು 1,850. ನೂರು ಚದರ ಮೀಟರ್ ಚಾವಣಿ ಶೀಟಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸೋರಿದ್ದು ಕಳೆದು 800 ಲೀಟರ್ ಸಿಗುತ್ತದೆ. ಅಕ್ಟೋಬರ್‌ನ ಮಳೆಯಲ್ಲೇ 5,000 ಲೀಟರಿನ ಟ್ಯಾಂಕ್ ಒಂದು, 2,000ದ್ದು ಒಂದು ತುಂಬಿಸಿ ಮುಚ್ಚಿಡುತ್ತೇವೆ. ಆ ನೀರಿನ ಇ.ಸಿ. 0.1. ಇಡೀ ಬೆಳೆಗೆ ಸಿಹಿನೀರು ಹೊಂದಿಸಲು ಆಗದು, ಸಸಿಗೆ ಆಗುತ್ತದೆ.

ನೀರು ಸಿಹಿಯಾದರೆ ಸಾಲದು. ಟ್ರೇಗೆ ತುಂಬುವ ತೆಂಗಿನ ನಾರುಪುಡಿಯನ್ನು ತೊಳೆಯದಿದ್ದರೆ ಅದರಲ್ಲೇ ಬೇಕಾದಷ್ಟು ಉಪ್ಪು ಇರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟ ನೀರಲ್ಲಿ ಅದನ್ನು ತೊಳೆಯುವುದು ದಂಡ. ಮಳೆಗಾಲದಲ್ಲೇ ನಾರುಪುಡಿಯ ಬ್ಲಾಕ್ ಒಡೆದು ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ಸೂರಿನ ನೀರು ಬೀಳುವ ಕಡೆ ಒಂದು ವಾರ ಬಿಡುತ್ತೇವೆ. ಹಿಂಡಿದ ನೀರು ಮೀಟರಿನಲ್ಲಿ 0.5ರ ಕೆಳಗೆ ಬಂದರೆ ಸರಿ. ಕೋಳಿಗೊಬ್ಬರವನ್ನು ಟ್ರೇ ಮಿಶ್ರಣಕ್ಕೆ ಹಾಕುವುದಿಲ್ಲ, ಅದೂ ಉಪ್ಪೇ.

ಟ್ರೇಯಲ್ಲಿರುವ ನಲವತ್ತು ದಿನದಲ್ಲಿ ಮೊದಲ ಮೂವತ್ತು ದಿನ ಬರೀ ಮಳೆನೀರು. ಕೊನೆಯ ಹತ್ತು ದಿನ ಒಂದು ಪಾಲು ಬೋರ್, ಎರಡು ಪಾಲು ಮಳೆನೀರು. (2.4 + 0.1 + 0.1) ÷ 3, ಸುಮಾರು 0.87. ಸಸಿ ಗದ್ದೆಗೆ ಹೋಗುವ ಮೊದಲೇ ಸ್ವಲ್ಪ ಹದವಾಗುತ್ತದೆ. ಬೆರೆಸಿದ ಮೇಲೆ ಮೀಟರ್ ಹಾಕಿಯೇ ಕೊಡಬೇಕು, ಬಕೆಟ್ ಲೆಕ್ಕ ತಪ್ಪುತ್ತದೆ. ಈ ನೀರನ್ನು ಬಿಸಿಲಲ್ಲಿ ರೋಸ್ ಕ್ಯಾನಿನಿಂದ ಎಲೆಯ ಮೇಲೆ ಹಾಕಿದರೆ ಹನಿ ಒಣಗಿದ ಕಡೆ ಸುಟ್ಟ ಚುಕ್ಕೆ ಬೀಳುತ್ತದೆ. ಸಂಜೆ, ಬುಡಕ್ಕೆ.

ಗದ್ದೆಯಲ್ಲಿ ಬೋದಿನ (ಏರಿಸಿದ ಮಣ್ಣಿನ ದಿಂಡು) ನೆತ್ತಿಗೆ ನೆಡಬಾರದು. ಸಾಲಿನ ನೀರು ಮೇಲಕ್ಕೆ ಏರಿ ಆರುವಾಗ ಉಪ್ಪು ನೆತ್ತಿಯಲ್ಲೇ ಕೂರುತ್ತದೆ. ವಾರದಲ್ಲಿ ಬೆರಳಿಂದ ಕೆರೆದರೆ ಬಿಳಿ ಹಿಟ್ಟು ಬರುತ್ತದೆ. ಬೋದಿನ ಪಕ್ಕಕ್ಕೆ, ನೀರು ನಿಲ್ಲುವ ಗೆರೆಗಿಂತ ಎರಡು ಬೆರಳು ಮೇಲೆ ನೆಡುತ್ತೇವೆ. ನೆಟ್ಟ ಮೇಲೆ ಹತ್ತು ದಿನ ಕೃಷಿಹೊಂಡದ ಮಳೆನೀರು ಮತ್ತು ಬೋರ್ ಸಮಸಮ, ಅಂದರೆ (2.4 + 0.1) ÷ 2 = 1.25, ಆಮೇಲೆ ಬೋರ್ ನೀರೇ. ಈ ಸಮಸಮದ ಹಂತದಲ್ಲೂ ಉಪ್ಪು ತೊಳೆದುಹೋಗಲು ಕೊಟ್ಟ ನೀರಲ್ಲಿ ಐದರಲ್ಲೊಂದು ಪಾಲು ಬೇರಿನ ಕೆಳಗೆ ಇಳಿದು ಹೋಗಲೇಬೇಕು, ಬರೀ ಬೋರ್ ನೀರಿಗೆ ಇನ್ನೂ ಹೆಚ್ಚು. ಗದ್ದೆಯ ತಳ ಜಿಗುಟು, ಆದ್ದರಿಂದ ಸುತ್ತ ಒಂದೂವರೆ ಅಡಿ ಬಸಿಗಾಲುವೆ ತೆಗೆಯದೆ ಈ ಕೆಲಸಕ್ಕೆ ಇಳಿಯಬೇಡಿ. ದಿನಾ ಚೂರುಚೂರು ಕೊಡುವುದಕ್ಕಿಂತ ಬಿಟ್ಟು ಬಿಟ್ಟು ತುಂಬ ಕೊಡುವುದು ಮೇಲು.

ಹೆಚ್ಚಿನವರು ಎಡವುವುದು ಉಪ್ಪಿನ ಲಕ್ಷಣ ಓದುವಲ್ಲಿ. ಮಣ್ಣು ಹಸಿ ಇದ್ದರೂ ಗಿಡ ಬಾಡಿ, ಎಲೆ ಮಂಕು ನೀಲಿಹಸಿರಾಗಿ, ಹಳೆ ಎಲೆಯ ಅಂಚು ಸುಡುತ್ತದೆ. ನೀರು ಸಾಲದು ಎಂದು ಅದೇ ಉಪ್ಪುನೀರನ್ನು ಸ್ವಲ್ಪಸ್ವಲ್ಪವಾಗಿ ಇನ್ನಷ್ಟು ಕೊಡುತ್ತಾರೆ, ಗೊಬ್ಬರ ಸಾಲದು ಎಂದು ಮ್ಯುರಿಯೇಟ್ ಆಫ್ ಪೊಟ್ಯಾಷ್ ಹಾಕುತ್ತಾರೆ. ಅದರಲ್ಲಿ ಕ್ಲೋರೈಡ್ ಇದೆ. ಉಪ್ಪಿನ ಮೇಲೆ ಉಪ್ಪು ಸುರಿದಂತೆ. ಪೊಟ್ಯಾಷ್ ಬೇಕೇ ಆದರೆ ಸಲ್ಫೇಟ್ ರೂಪದ್ದು.

ಕಾಫಿ ಹೂ ಅರಳಿಸುವ ಮಾರ್ಚ್‌ನ ಹೂಮಳೆಗೆ ಕಾಫಿಯವರು ಖುಷಿಪಡುವಾಗ ನಾವು ಪಂಪ್ ಹಾಕುತ್ತೇವೆ. ನಾಲ್ಕೈದು ಮಿ.ಮೀ. ತುಂತುರು ನೆತ್ತಿಯ ಉಪ್ಪನ್ನು ಕರಗಿಸಿ ನೇರ ಬೇರಿಗೆ ಇಳಿಸುತ್ತದೆ, ಬೇರು ದಾಟಿಸಿ ಕೆಳಕ್ಕೆ ತಳ್ಳುವಷ್ಟು ಬಲ ಅದಕ್ಕಿಲ್ಲ. ಆದ್ದರಿಂದ ಮಳೆ ಸುರಿಯುತ್ತಿರುವಾಗಲೇ ಸಾಲಿಗೆ ನೀರು ಬಿಟ್ಟು ಉಪ್ಪನ್ನು ಕೆಳಕ್ಕೆ ಕಳಿಸಬೇಕು. ಒಂದೇ ಸಲಕ್ಕೆ 30 ಮಿ.ಮೀ. ಮೇಲೆ ಬಂದರೆ ಪಂಪ್ ಆಫ್.